ಅಜ್ಜಿಯ ಎಳೆಗೆ ಅಂಗಳ, ಅಜ್ಜನ ಪದ್ಯಕ್ಕೆ ರಂಗ

ಊರಿಗಾಗಿ ಬಿಟ್ಟಿ ದುಡಿದ ಹಿರಿಯರ ಕಲೆಗೆ ಸ್ಪರ್ಧೆಯೊಂದು ಒಳ್ಳೆಯ ವೇದಿಕೆ. ಆದರೆ ಅದು ನಡೆಯಬೇಕಾದದ್ದು ಅವರ ನೆಲದಲ್ಲಿ, ಅವರಿಗೆ ಒಗ್ಗುವ ನಿಯಮದಲ್ಲಿ.

ರಾಯಕೋಟೆಯ ಹೆಸರು ಹೊರಗಿನವರ ಕಿವಿಗೆ ಬೀಳುವುದು ಹೆಚ್ಚಾಗಿ ಟೊಮೆಟೊ ದರದ ಜೊತೆಗೆ. ತಮಿಳುನಾಡಿನ ಕೃಷ್ಣಗಿರಿ ಜಿಲ್ಲೆ, ದೇಂಕಣಿಕೋಟೆ ತಾಲ್ಲೂಕಿನ ಈ ಗಡಿಯೂರಿನ ಮಂಡಿಯಲ್ಲಿ ಬೆಲೆ ಏರಿದರೂ ಸುದ್ದಿ, ಬಿದ್ದರೂ ಸುದ್ದಿ. ಇತಿಹಾಸ ಓದಿಕೊಂಡವರಿಗೆ ಬೆಟ್ಟದ ಮೇಲಿನ ಕೋಟೆ ನೆನಪಾದೀತು. 1791ರಲ್ಲಿ ಬ್ರಿಟಿಷರ ಮೇಜರ್ ಗೌಡಿಯ ಪಡೆ ಟಿಪ್ಪುವಿನವರಿಂದ ಕಿತ್ತುಕೊಂಡ ಕೋಟೆಯದು. ಮರುವರ್ಷದ ಶ್ರೀರಂಗಪಟ್ಟಣ ಒಪ್ಪಂದದಲ್ಲಿ ಸುತ್ತಲಿನ ಬಾರಾಮಹಲ್ ಸೀಮೆಯ ಜೊತೆಗೆ ಈಸ್ಟ್ ಇಂಡಿಯಾ ಕಂಪನಿಯ ಪಾಲಾಯಿತು. ಈಗ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿದೆ.

ಬೆಟ್ಟದ ಕೆಳಗಿನ ಬೀದಿಗಳಲ್ಲಿರುವ ಇನ್ನೊಂದು ಆಸ್ತಿಗೆ ಮಾತ್ರ ಯಾವ ಇಲಾಖೆಯ ಫಲಕವೂ ಇಲ್ಲ. ಕನ್ನಡ, ತೆಲುಗು, ತಮಿಳು ಮೂರೂ ಒಂದೇ ಜಗುಲಿಯ ಮೇಲೆ ಕೂತು ಮಾತಾಡುವ ಈ ಸೀಮೆಯಲ್ಲಿ, ಕರೆಯದಿದ್ದರೂ ಮದುವೆ ಮನೆಗೆ ಹೋಗಿ ಹಸೆಮಣೆಗೆ ರಂಗೋಲಿ ಎಳೆಯುವ ಅಜ್ಜಿಯರಿದ್ದಾರೆ. ದೇವರ ಉತ್ಸವಕ್ಕೆ ರಾತ್ರಿಯೆಲ್ಲ ಕೂತು ಹೂವು ಕಟ್ಟುವವರು, ಭಜನೆಯಲ್ಲಿ ತಾಳ ಹಿಡಿಯುವವರು, ಹಳೆಯ ನಾಟಕದ ಪದ್ಯಗಳನ್ನು ಪುಸ್ತಕ ನೋಡದೆ ಹೇಳುವವರು ಇದ್ದಾರೆ. ಇವರಲ್ಲಿ ಯಾರೂ ಇದಕ್ಕೆಂದು ಕೂಲಿ ಪಡೆದವರಲ್ಲ. ಊರಿನ ಕೆಲಸ, ದೇವರ ಕೆಲಸ ಎಂದು ಮಾಡಿಕೊಂಡು ಬಂದವರು. ಇಂದಿನ ಭಾಷೆಯಲ್ಲಿ ಇವರೇ ಸ್ವಯಂಸೇವಕರು. ಆದರೆ ಕಲಾವಿದರ ಪಟ್ಟಿಯಲ್ಲೂ ಇವರ ಹೆಸರಿಲ್ಲ, ಸೇವಾಕರ್ತರ ಪಟ್ಟಿಯಲ್ಲೂ ಇಲ್ಲ. ‘ನಂಗೇನು ಬರ್ತದೆ ಸಾಮಿ, ಸುಮ್ನೆ ಮನೆ ಮುಂದೆ ಒಂದೆರಡು ಎಳೆ ಎಳೀತೀನಿ’ ಎನ್ನುವವರ ಹೆಸರನ್ನು ಪಟ್ಟಿಗೆ ಸೇರಿಸುವವರಾದರೂ ಯಾರು?

ಅಂಗಳದ ಲೆಕ್ಕ

ಆ ‘ಒಂದೆರಡು ಎಳೆ’ ಏನೆಂಬುದನ್ನು ಹತ್ತಿರದಿಂದ ನೋಡಬೇಕು. ಧನುರ್ಮಾಸದ ಬೆಳಗು. ಸಗಣಿ ನೀರು ಚಿಮುಕಿಸಿ ಗುಡಿಸಿದ ನೆಲ ಇನ್ನೂ ಹಸಿ. ಹೆಬ್ಬೆರಳು ಮತ್ತು ತೋರುಬೆರಳ ನಡುವೆ ಚಿಟಿಕೆ ಪುಡಿ. ಮೊದಲು ಚುಕ್ಕಿ: ನಡುವಿನ ಸಾಲಿಗೆ ಹದಿನೈದು, ಅದರ ಮೇಲೂ ಕೆಳಗೂ ಸಂದಿನಲ್ಲಿ ಹದಿನಾಲ್ಕು, ಆಮೇಲೆ ಹದಿಮೂರು, ಹೀಗೆ ಇಳಿಯುತ್ತ ಎಂಟರವರೆಗೆ. ಕೂಡಿಸಿ ನೋಡಿ, ಒಟ್ಟು 169 ಚುಕ್ಕಿ. ಅಳತೆಗೋಲಿಲ್ಲ, ದಾರವಿಲ್ಲ. ನಡ ಬಗ್ಗಿಸಿ ನಿಂತಲ್ಲಿಂದಲೇ ಕೈ ಬೀಸಿದರೆ ಚುಕ್ಕಿಗಳ ನಡುವಿನ ಅಂತರ ಒಂದು ಕೂದಲೂ ಆಚೀಚೆಯಾಗುವುದಿಲ್ಲ. ಬಳಿಕ ಚುಕ್ಕಿಗಳನ್ನು ಬಳಸಿಕೊಂಡು ಎಳೆ ಹೊರಡುತ್ತದೆ. ಎಲ್ಲೆಲ್ಲೋ ಸುತ್ತಿ, ತನ್ನನ್ನು ತಾನೇ ದಾಟಿ, ಹೊರಟ ಜಾಗಕ್ಕೇ ಬಂದು ಕೂಡಿಕೊಳ್ಳುತ್ತದೆ. ಒಂದು ಚುಕ್ಕಿ ಒಂಟಿಯಾಗಿ ಹೊರಗುಳಿದರೂ ರಂಗೋಲಿ ಕೆಟ್ಟಿತೆಂದೇ ಲೆಕ್ಕ. ಹಾಗಾದಾಗ ಅಳಿಸಿ ತಿದ್ದುವ ಅಭ್ಯಾಸ ಪಳಗಿದ ಕೈಗೆ ಇರುವುದಿಲ್ಲ, ಅಂಥ ಪ್ರಸಂಗವೇ ಬರುವುದು ಕಡಿಮೆ. ಕೊನೆಗೆ ಸುತ್ತ ಕೆಮ್ಮಣ್ಣಿನ ಅಂಚು, ನಡುವೆ ಸಗಣಿಯ ಉಂಡೆಗೆ ಸಿಕ್ಕಿಸಿದ ಕುಂಬಳದ ಹೂವು. ಹಾಲಿನವನ ಬೈಕು ಬರುವ ಹೊತ್ತಿಗೆ ಕೆಲಸ ಮುಗಿದಿರುತ್ತದೆ.

ಇದನ್ನು ಗಣಿತವೆಂದು ಮೊದಲು ಗಂಭೀರವಾಗಿ ಕಂಡವರಲ್ಲಿ ಮದ್ರಾಸ್ ಕ್ರಿಶ್ಚಿಯನ್ ಕಾಲೇಜಿನ ಗಿಫ್ಟ್ ಸಿರೊಮೊನಿ ಒಬ್ಬರು. ರಾಣಿ ಸಿರೊಮೊನಿ, ಕಮಲಾ ಕೃತಿವಾಸನ್ ಅವರ ಜೊತೆ ಸೇರಿ 1974ರಲ್ಲಿ ಅವರು ಪ್ರಕಟಿಸಿದ ಪ್ರಬಂಧವು ಮನೆಯಂಗಳದ ಈ ಚಿತ್ರಗಳನ್ನು ಕಂಪ್ಯೂಟರ್ ವಿಜ್ಞಾನದ ವ್ಯಾಕರಣದೊಂದಿಗೆ ಜೋಡಿಸಿತು. ಅದಾದ ಮೇಲೆ ಚುಕ್ಕಿ ರಂಗೋಲಿಯ ಮೇಲೆ ದೇಶವಿದೇಶಗಳಲ್ಲಿ ಸಂಶೋಧನೆಗಳು ನಡೆದಿವೆ. ಆ ವಿದ್ಯೆಯನ್ನು ಕೈಯಲ್ಲಿಟ್ಟುಕೊಂಡ ಹೆಂಗಸರಿಗೆ ಮಾತ್ರ ಸಿಕ್ಕಿದ್ದು ಸಂಕ್ರಾಂತಿಯ ಸ್ಪರ್ಧೆಯಲ್ಲೊಂದು ಸ್ಟೀಲ್ ಡಬ್ಬ. ಅದೂ ಬಣ್ಣದ ಪುಡಿ ತುಂಬಿ ನವಿಲು, ಬಾವುಟ, ನಾಯಕರ ಮುಖ ಬಿಡಿಸುವ ಹುಡುಗಿಯರ ಎದುರು ಗೆದ್ದರೆ! ಹಬ್ಬದ ದಿನಗಳ ರಂಗೋಲಿ ಸ್ಪರ್ಧೆಗಳಲ್ಲಿ ತೀರ್ಪುಗಾರರ ಕಣ್ಣು ಮೊದಲು ಹೋಗುವುದು ಬಣ್ಣದ ಕಡೆಗೆ. ಬಿಳಿ ಎಳೆಯೊಂದನ್ನೇ ನಂಬಿದ ಎಪ್ಪತ್ತರ ಅಜ್ಜಿ ಮೊದಲ ಸುತ್ತಿಗೇ ಹಿಂದೆ ಸರಿಯುತ್ತಾರೆ. ಮುಂದಿನ ವರ್ಷ ಅವರು ಬರುವುದೇ ಇಲ್ಲ.

ಕೈಯಿಂದ ದುಡ್ಡು ಹಾಕಿ ದುರ್ಯೋಧನ

ಗಂಡಸರ ಕಥೆ ಬೇರೆ ಥರ. ಬೆಂಗಳೂರು ಗ್ರಾಮಾಂತರ, ಕೋಲಾರ, ತುಮಕೂರು, ಮಂಡ್ಯದ ಹಳ್ಳಿಗಳಲ್ಲಿ ಪೌರಾಣಿಕ ನಾಟಕ ಆಡುವ ಬಗೆ ಗೊತ್ತಿದ್ದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಊರವರು ಸೇರಿ ‘ಕುರುಕ್ಷೇತ್ರ’ ಆಡೋಣವೆಂದು ತೀರ್ಮಾನಿಸುತ್ತಾರೆ. ಹಾರ್ಮೋನಿಯಂ ಮೇಷ್ಟ್ರು ಬಂದು ತಿಂಗಳುಗಟ್ಟಲೆ ಪದ್ಯ ಕಲಿಸುತ್ತಾರೆ. ಪಾತ್ರಧಾರಿಗಳಿಗೆ ಸಂಭಾವನೆಯ ಮಾತೇ ಇಲ್ಲ, ಪಾತ್ರಕ್ಕೆ ಇಷ್ಟೆಂದು ಅವರೇ ಹಣ ಕಟ್ಟಬೇಕು. ದುರ್ಯೋಧನ, ಕೃಷ್ಣನಂಥ ದೊಡ್ಡ ಪಾತ್ರಗಳಿಗೆ ದರವೂ ದೊಡ್ಡದು. ಮೇಷ್ಟ್ರ ಸಂಬಳ, ಸೀನರಿ, ಡ್ರೆಸ್ಸು, ಶಾಮಿಯಾನ, ಮೈಕಿನ ಬಾಡಿಗೆ ಎಲ್ಲ ಅದರಿಂದಲೇ ಆಗಬೇಕು. ಹಗಲೆಲ್ಲ ಹೊಲದಲ್ಲಿದ್ದವನು ರಾತ್ರಿ ಕಿರೀಟ ಇಟ್ಟು ಕಂದ, ಸೀಸ ಹಾಡುತ್ತಾನೆ. ಸಾಲ ಮಾಡಿ ಭೀಮನಾದವರೂ ಇದ್ದಾರೆ.

ಹೊಸೂರು, ಕೃಷ್ಣಗಿರಿ, ಧರ್ಮಪುರಿಯ ಕಡೆ ಇದರ ಪಕ್ಕದಲ್ಲೇ ತಮಿಳಿನ ಬೀದಿನಾಟಕ ತೆರುಕೂತ್ತು ಇದೆ. ದ್ರೌಪದಿ ಅಮ್ಮನ ಗುಡಿಗಳ ಭಾರತ ಉತ್ಸವದಲ್ಲಿ ಹಗಲು ಮಹಾಭಾರತದ ಪ್ರವಚನ, ರಾತ್ರಿ ಕೂತ್ತು. ಕೊನೆಯ ದಿನ ಬಯಲಿನಲ್ಲಿ ಮಣ್ಣಿನಿಂದ ಮಾಡಿದ ಭಾರಿ ದುರ್ಯೋಧನ ಅಂಗಾತ ಮಲಗಿರುತ್ತಾನೆ. ಭೀಮನ ವೇಷದವನು ಬಂದು ಅವನ ತೊಡೆ ಮುರಿಯುವಾಗ ಊರಿಗೆ ಊರೇ ಸುತ್ತ ನಿಂತಿರುತ್ತದೆ. ಆ ದೇಹವನ್ನು ಮಣ್ಣಿನಲ್ಲಿ ತಿದ್ದುವ ಕೈಗಳೂ, ವೇಷದ ಬಣ್ಣದ ಮರ್ಮ ತಿಳಿದ ಕೈಗಳೂ ವಯಸ್ಸಾದವು. ಒಂದೇ ಮಹಾಭಾರತವನ್ನು ಒಂದೂರಿನಲ್ಲಿ ಕನ್ನಡ ಪದ್ಯವಾಗಿ, ಪಕ್ಕದೂರಿನಲ್ಲಿ ತೆಲುಗು ನಾಟಕವಾಗಿ, ಅದರಾಚೆಯ ಊರಿನಲ್ಲಿ ತಮಿಳು ಕೂತ್ತಾಗಿ ಆಡುವ ಭಾಗ್ಯ ಗಡಿಸೀಮೆಗಲ್ಲದೆ ಬೇರೆಯವರಿಗೆ ಸಿಗುವುದು ಕಷ್ಟ.

ಈ ಭಾಗ್ಯಕ್ಕೆ ವಯಸ್ಸಾಗುತ್ತಿದೆ. 2006ರ ತಮಿಳು ಕಲಿಕಾ ಕಾಯ್ದೆ ಬಂದ ಮೇಲೆ ಗಡಿಯ ಮಕ್ಕಳ ಓದು ಹೆಚ್ಚು ಹೆಚ್ಚಾಗಿ ತಮಿಳಿನ ಕಡೆಗೆ ವಾಲಿದೆ. ಕೆಲಸದ ಆಸೆ ಇಂಗ್ಲಿಷಿನ ಕಡೆಗೆ ಎಳೆಯುತ್ತದೆ. ಮನೆಯಲ್ಲಿ ಕನ್ನಡ ಮಾತಾಡುವ ಮೊಮ್ಮಗನಿಗೆ ತಾತನ ನಾಟಕದ ಪುಸ್ತಕ ಓದಲು ಬರುವುದಿಲ್ಲ. ಯಾರನ್ನೂ ದೂರಿ ಪ್ರಯೋಜನವಿಲ್ಲ. ಆದರೆ ತಾತನ ಬಾಯಲ್ಲಿರುವ ಪದ್ಯ ಅವರ ಜೊತೆಗೇ ಹೋದೀತು ಎನ್ನುವುದು ಕಣ್ಣಿಗೆ ಕಾಣುವ ಸತ್ಯ.

ಪಟ್ಟಿಯಲ್ಲಿ ಹಿರಿಯರು

ಸರ್ಕಾರಗಳು ಹಿರಿಯರ ಕಲೆಯನ್ನು ಪೂರ್ತಿ ಮರೆತಿವೆ ಎಂದರೆ ಅನ್ಯಾಯವಾದೀತು. ತಮಿಳುನಾಡಿನ ಕಲೆ ಮತ್ತು ಸಂಸ್ಕೃತಿ ಇಲಾಖೆ ಜಿಲ್ಲಾ ಮಟ್ಟದಲ್ಲಿ ಕಲಾವಿದರಿಗೆ ಕೊಡುವ ಪ್ರಶಸ್ತಿಗಳನ್ನು ವಯಸ್ಸಿನ ಮೆಟ್ಟಿಲುಗಳ ಮೇಲೆ ಜೋಡಿಸಲಾಗಿದೆ. 18 ವರ್ಷದವರೆಗೆ ಕಲೈ ಇಳಮಣಿ, 19ರಿಂದ 35 ಕಲೈ ವಳರ್‌ಮಣಿ, 36ರಿಂದ 50 ಕಲೈ ಸುಡರ್‌ಮಣಿ, 51ರಿಂದ 65 ಕಲೈ ನನ್ಮಣಿ, 65 ದಾಟಿದವರಿಗೆ ಕಲೈ ಮುದುಮಣಿ. ಇಪ್ಪತ್ತರವರ ಜೊತೆ ಎಪ್ಪತ್ತರವರನ್ನು ಓಡಿಸದ ಈ ವ್ಯವಸ್ಥೆ ಮೆಚ್ಚತಕ್ಕದ್ದು.

ಗಡಿಯಾಚೆ ಕರ್ನಾಟಕದಲ್ಲಿ, ವಿಕಲಚೇತನರ ಹಾಗೂ ಹಿರಿಯ ನಾಗರಿಕರ ಸಬಲೀಕರಣ ಇಲಾಖೆ ಹಿರಿಯರ ದಿನಾಚರಣೆಯ ಅಂಗವಾಗಿ ಜಿಲ್ಲೆಗಳಲ್ಲಿ ಕ್ರೀಡೆ ಮತ್ತು ಸಾಂಸ್ಕೃತಿಕ ಸ್ಪರ್ಧೆ ನಡೆಸುತ್ತದೆ. ನಡಿಗೆಯ ಪಂದ್ಯದ ಜೊತೆಗೆ ಗಾಯನ, ಏಕಪಾತ್ರಾಭಿನಯ, ಚಿತ್ರಕಲೆಗೂ ಜಾಗವಿದೆ. ಅಕ್ಟೋಬರ್ 1ನ್ನು ಹಿರಿಯರ ದಿನವೆಂದು ವಿಶ್ವಸಂಸ್ಥೆ ಗೊತ್ತುಮಾಡಿದ್ದು 1990ರಲ್ಲಿ. ಕೇಂದ್ರ ಸರ್ಕಾರದ ವಯೋಶ್ರೇಷ್ಠ ಸಮ್ಮಾನದಲ್ಲಿ ಸೃಜನಶೀಲ ಕಲೆಗೇ ಬೇರೆ ವಿಭಾಗವಿದೆ.

ಕೇರಳದ ಕುಟುಂಬಶ್ರೀಯದು ಇನ್ನೂ ಹತ್ತಿರದ ಮಾದರಿ. 1998ರಲ್ಲಿ ಶುರುವಾದ ಈ ಮಹಿಳಾ ಜಾಲ ‘ಅರಂಙ್’ ಎಂಬ ಕಲೋತ್ಸವ ನಡೆಸುತ್ತದೆ. 2024ರಲ್ಲಿ ರಾಜ್ಯಮಟ್ಟದ ಉತ್ಸವ ನಡೆದದ್ದು ಕಾಸರಗೋಡು ಜಿಲ್ಲೆಯ ಕಾಲಿಕ್ಕಡವಿನಲ್ಲಿ. ನೆರೆಕರೆಯ ಗುಂಪುಗಳಲ್ಲಿ ದುಡಿಯುವ ಹೆಂಗಸರು, ಅವರಲ್ಲಿ ವಯಸ್ಸಾದವರೂ, ಅಲ್ಲಿ ರಂಗಕ್ಕೇರುತ್ತಾರೆ. ವಾರ್ಡಿನ ಲೆಕ್ಕಪುಸ್ತಕ ಬರೆಯುವವಳೇ ಒಪ್ಪನದಲ್ಲೋ ತಿರುವಾದಿರೆಯಲ್ಲೋ ಹೆಜ್ಜೆ ಹಾಕುತ್ತಾಳೆ. ಸೇವೆ ಮತ್ತು ಕಲೆ ಎರಡೂ ಒಂದೇ ಮನುಷ್ಯರವು ಎಂಬುದನ್ನು ಹೀಗೆ ಕಣ್ಣಿಗೆ ಕಟ್ಟುವಂತೆ ತೋರಿಸುವ ಏರ್ಪಾಡು ಬೇರೆ ಕಡೆ ಅಪರೂಪ.

ಇವೆರಡನ್ನೂ ಒಂದೇ ಬಾಳಿನಲ್ಲಿ ಕಾಣಬೇಕಾದರೆ ಅಂಕೋಲಾದ ಸುಕ್ರಿ ಬೊಮ್ಮಗೌಡರನ್ನು ನೆನೆಯಬೇಕು. ಹಾಲಕ್ಕಿ ಒಕ್ಕಲಿಗರ ಹಾಡುಗಳ ಕಣಜವಾಗಿದ್ದ ಸುಕ್ರಜ್ಜಿ ಸಾರಾಯಿ ವಿರೋಧಿ ಹೋರಾಟದಲ್ಲೂ ಮುಂದಿದ್ದವರು. ಪದ್ಮಶ್ರೀ ಬಂದದ್ದು 2017ರಲ್ಲಿ, ತೀರಿಕೊಂಡದ್ದು 2025ರ ಫೆಬ್ರವರಿಯಲ್ಲಿ. ಅದೇ 2025ರಲ್ಲಿ ಕೊಪ್ಪಳ ಜಿಲ್ಲೆಯ ಮೋರನಾಳದ ತೊಗಲುಗೊಂಬೆ ಕಲಾವಿದೆ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ ಪದ್ಮಶ್ರೀ ಬಂದಾಗ ಅವರ ವಯಸ್ಸು 96. ಸಂತೋಷದ ಸಂಗತಿಯೇ. ಆದರೆ ದಿಲ್ಲಿಯ ಪಟ್ಟಿಗೆ ಹೋಗುವವರು ಸಾವಿರಕ್ಕೊಬ್ಬರು. ಉಳಿದವರಿಗೆ ಊರಿನಲ್ಲೇ ಒಂದು ವೇದಿಕೆ ಬೇಡವೇ?

73ರಲ್ಲಿ ಒಲಿಂಪಿಕ್ ಪದಕ

ಒಲಿಂಪಿಕ್ಸ್‌ನಲ್ಲಿ ಪದಕ ಗೆದ್ದ ಅತಿ ಹಿರಿಯ ವ್ಯಕ್ತಿ ಓಟಗಾರನಲ್ಲ, ಚಿತ್ರಗಾರ. 1912ರಿಂದ 1948ರವರೆಗೆ ಒಲಿಂಪಿಕ್ಸ್‌ನಲ್ಲಿ ಚಿತ್ರ, ಶಿಲ್ಪ, ಸಾಹಿತ್ಯ, ಸಂಗೀತ, ವಾಸ್ತುಶಿಲ್ಪಕ್ಕೂ ಪದಕಗಳಿದ್ದವು. 1948ರ ಲಂಡನ್ ಕೂಟದಲ್ಲಿ ಬ್ರಿಟನ್ನಿನ ಜಾನ್ ಕಾಪ್ಲಿ, ಪೋಲೋ ಆಟಗಾರರ ಚಿತ್ರಕ್ಕೆ ಬೆಳ್ಳಿ ಪದಕ ಪಡೆದಾಗ ಅವರಿಗೆ 73 ವರ್ಷ. ಕಲಾವಿದರು ದುಡ್ಡಿಗೆ ಕೆಲಸ ಮಾಡುವ ವೃತ್ತಿಪರರು, ಹವ್ಯಾಸಿಗಳ ಕೂಟದಲ್ಲಿ ಅವರಿಗೆ ಜಾಗವಿಲ್ಲ ಎಂಬ ವಾದ ಬಲವಾಗಿ, ಆಮೇಲೆ ಆ ಸ್ಪರ್ಧೆಗಳೇ ನಿಂತವು. ನಮ್ಮ ನಾಟಕದ ದುರ್ಯೋಧನನಂಥ ಹವ್ಯಾಸಿ ಅವರಿಗೆಲ್ಲಿ ಸಿಗಬೇಕಿತ್ತು!

ಜಪಾನಿನವರು ಹಿರಿಯರಿಗಾಗಿಯೇ ಒಂದು ಕೂಟ ಕಟ್ಟಿಕೊಂಡಿದ್ದಾರೆ. 1988ರಲ್ಲಿ ಹ್ಯೋಗೊ ಪ್ರಾಂತದಲ್ಲಿ ಶುರುವಾದ ‘ನೆನ್ರಿನ್‌ಪಿಕ್’ ವರ್ಷಕ್ಕೊಂದು ಪ್ರಾಂತದಲ್ಲಿ ನಡೆಯುತ್ತದೆ. ಭಾಗವಹಿಸುವವರು 60 ದಾಟಿದವರು. ಟೇಬಲ್ ಟೆನಿಸ್, ಗೇಟ್‌ಬಾಲ್‌ಗಳ ಜೊತೆಗೆ ಅಲ್ಲಿ ಚಿತ್ರಕಲೆ, ಶಿಲ್ಪ, ಕರಕುಶಲ, ಕೈಬರಹ, ಛಾಯಾಚಿತ್ರಗಳ ಪ್ರದರ್ಶನವೂ ಇದೆ.

ಸ್ಪರ್ಧೆಯ ತೀರ್ಪನ್ನೇ ಕೊನೆಯ ಮಾತೆಂದು ನಂಬಬಾರದು ಎನ್ನುವುದಕ್ಕೆ ಅಮೆರಿಕದ ಗ್ರಾಂಡ್ಮಾ ಮೋಸೆಸ್ ಸಾಕ್ಷಿ. ಹೊಲಮನೆಯ ಕೆಲಸದಲ್ಲೇ ಬಾಳು ಸವೆಸಿದ ಈಕೆ, ಕೀಲುನೋವಿನಿಂದ ಕಸೂತಿ ಹಾಕುವುದು ಕಷ್ಟವಾದಾಗ ಕುಂಚ ಹಿಡಿದರು. ಊರಿನ ಜಾತ್ರೆಯ ಸ್ಪರ್ಧೆಗೆ ತಮ್ಮ ಚಿತ್ರಗಳ ಜೊತೆ ಹಣ್ಣಿನ ಜಾಮನ್ನೂ ಇಟ್ಟಿದ್ದರು. ಬಹುಮಾನ ಜಾಮಿಗೆ ಬಂತು, ಚಿತ್ರಗಳಿಗೆ ಬರಲಿಲ್ಲ. 1938ರಲ್ಲಿ ಔಷಧದಂಗಡಿಯ ಕಿಟಕಿಯಲ್ಲಿ ನೇತುಹಾಕಿದ್ದ ಅವರ ಚಿತ್ರಗಳನ್ನು ಸಂಗ್ರಾಹಕನೊಬ್ಬ ಕಂಡು ಕೊಂಡ. ಅಲ್ಲಿಂದ ಮುಂದೆ ಅವರು ಜಗತ್ತಿಗೇ ಪರಿಚಿತರಾದರು. 1961ರಲ್ಲಿ ತೀರಿಕೊಂಡಾಗ ಅವರಿಗೆ 101 ವರ್ಷ. ನಮ್ಮಲ್ಲೇ, ಮಧ್ಯಪ್ರದೇಶದ ಉಮರಿಯಾ ಜಿಲ್ಲೆಯ ಜೋಧೈಯಾ ಬಾಯಿ ಬೈಗಾ ಕೂಲಿನಾಲಿ ಮಾಡಿ ಬದುಕಿದವರು. ಎಪ್ಪತ್ತರ ಹತ್ತಿರ ಬಂದಾಗ ಆಶೀಷ್ ಸ್ವಾಮಿ ಎಂಬ ಕಲಾವಿದರ ಬಳಿ ಚಿತ್ರ ಬರೆಯಲು ಕಲಿತರು. ಅವರ ಚಿತ್ರಗಳು ಇಟಲಿಯವರೆಗೆ ಹೋದವು. 2023ರಲ್ಲಿ ಪದ್ಮಶ್ರೀ ಬಂತು.

ಇದರಿಂದ ಆರೋಗ್ಯಕ್ಕೇನು ಲಾಭ ಎಂದು ಕೇಳುವವರಿಗೂ ಉತ್ತರವಿದೆ. ಅಮೆರಿಕದ ಮನೋವೈದ್ಯ ಜೀನ್ ಕೋಹೆನ್ 2001ರಲ್ಲಿ ಶುರುಮಾಡಿದ ಅಧ್ಯಯನದಲ್ಲಿ 65ರ ಮೇಲಿನ ಸುಮಾರು 300 ಜನರಿದ್ದರು. ಅವರ ಸರಾಸರಿ ವಯಸ್ಸು 80. ನುರಿತವರ ಕೈಕೆಳಗೆ ವಾರವಾರ ಹಾಡಿದ ಗುಂಪಿನವರು, ಹಾಗೆ ಹಾಡದವರಿಗಿಂತ ವೈದ್ಯರ ಬಳಿ ಹೋದದ್ದು ಕಡಿಮೆ, ನುಂಗಿದ ಮಾತ್ರೆ ಕಡಿಮೆ, ಬಿದ್ದದ್ದೂ ಕಡಿಮೆ. ಒಂಟಿತನದ ಅಳತೆಯಲ್ಲೂ ಅವರ ಸ್ಥಿತಿ ಮೇಲಾಗಿತ್ತು. 2011ರ ಜನಗಣತಿಯಲ್ಲಿ ತಮಿಳುನಾಡಿನ ಜನರಲ್ಲಿ 60 ದಾಟಿದವರು ಶೇ 10.4, ಕರ್ನಾಟಕದಲ್ಲಿ ಶೇ 9.5. ಅಲ್ಲಿಂದೀಚೆಗೆ ಈ ಪಾಲು ಏರುತ್ತಲೇ ಇದೆ. ಮಕ್ಕಳು ಹೊಸೂರಿನ ಕಾರ್ಖಾನೆಗೋ ಬೆಂಗಳೂರಿನ ಕಂಪನಿಗೋ ಹೋದ ಮೇಲೆ ಹಗಲೆಲ್ಲ ಮನೆ ಕಾಯುವ ಹಿರಿಯರಿಗೆ ವಾರಕ್ಕೊಮ್ಮೆ ಹಾಡಲು ಕೂಡುವ ಜಾಗವೂ ಔಷಧವೇ.

ಸ್ಪರ್ಧೆ ಹೇಗಿರಬೇಕು?

ಹಿರಿಯರ ದಿನಾಚರಣೆ ಎಂದ ಕೂಡಲೇ ನಮಗೆ ಹೊಳೆಯುವುದು ಚಮಚದಲ್ಲಿ ನಿಂಬೆಹಣ್ಣು, ಮ್ಯೂಸಿಕಲ್ ಚೇರ್, ಮುಖ್ಯ ಅತಿಥಿಗಳ ಮುಕ್ಕಾಲು ಗಂಟೆಯ ಭಾಷಣ, ಒಂದು ಶಾಲು. ಐವತ್ತು ವರ್ಷ ರಂಗೋಲಿ ಹಾಕಿದ ಕೈಗೆ ಚಮಚ ಕೊಟ್ಟು ಓಡಿಸುವುದು ಮನರಂಜನೆ, ಅದೂ ನೋಡುವವರಿಗೆ. ರಾಯಕೋಟೆಯಂಥ ಊರಿನಲ್ಲಿ ಕಲಾ ಸ್ಪರ್ಧೆ ಮಾಡುವುದಾದರೆ ಕೆಲವು ಸಂಗತಿಗಳನ್ನು ಮೊದಲೇ ಗೊತ್ತುಮಾಡಿಕೊಳ್ಳಬೇಕು.

ಸ್ಪರ್ಧೆಯ ಬಾಬುಗಳು ಹಿರಿಯರ ಕೈಯಲ್ಲಿ ಈಗಾಗಲೇ ಇರುವಂಥವೇ ಆಗಿರಲಿ. ಬಣ್ಣವಿಲ್ಲದ ಚುಕ್ಕಿ ರಂಗೋಲಿ, ಸೋಬಾನೆ, ನಾಟಕದ ಪದ್ಯ, ಕೋಲಾಟದ ಹಾಡು, ಹೂವಿನ ಮಾಲೆ, ಹಳೆ ಸೀರೆಯ ಕೌದಿ, ಮಣ್ಣಿನ ಗೌರಿ ಗಣೇಶ. ಡ್ರಾಯಿಂಗ್ ಹಾಳೆ, ಬಣ್ಣದ ಪೆನ್ಸಿಲ್ ಬೇಡವೆಂದಲ್ಲ. ಹೊಸದನ್ನು ಕಲಿಯಬೇಕೆನ್ನುವವರಿಗೆ ಅದಕ್ಕೆ ಬೇರೆ ತರಗತಿ ಇರಲಿ. ಜೋಧೈಯಾ ಬಾಯಿಗೆ ಮೊದಲು ಸಿಕ್ಕಿದ್ದು ಬಹುಮಾನವಲ್ಲ, ಮೇಷ್ಟ್ರು.

ವಯಸ್ಸಿನ ಗುಂಪು ಬೇರೆ ಬೇರೆ ಇರಬೇಕು. 61ರವರಿಗೂ 81ರವರಿಗೂ ಒಂದೇ ಗಡಿಯಾರ ಹಿಡಿಯಬಾರದು. ಬಗ್ಗಲಾರದವರಿಗೆ ಮಣೆಯ ಮೇಲೋ ಮೇಜಿನ ಮೇಲೋ ಎಳೆಯಲು ಬಿಡಬೇಕು. ಬಿಸಿಲೇರುವ ಮೊದಲೇ ಮುಗಿಸಬೇಕು. ಕುಡಿಯುವ ನೀರು, ಶೌಚಾಲಯ, ಕೂರಲು ಬೆನ್ನಿರುವ ಕುರ್ಚಿ, ಇವು ಬ್ಯಾನರಿಗಿಂತ ಮೊದಲು ಬರಬೇಕಾದವು.

ಭಾಷೆಗೆ ಬೇಲಿ ಹಾಕಬಾರದು. ಕನ್ನಡದಲ್ಲಿ ಹಾಡುವವರು ಕನ್ನಡದಲ್ಲಿ, ತೆಲುಗಿನವರು ತೆಲುಗಿನಲ್ಲಿ, ತಮಿಳಿನವರು ತಮಿಳಿನಲ್ಲಿ ಹಾಡಲಿ. ಮೂರೂ ಬಲ್ಲ ತೀರ್ಪುಗಾರರು ಈ ಸೀಮೆಯಲ್ಲಿ ಬೇಕಾದಷ್ಟಿದ್ದಾರೆ. ತೀರ್ಪು ಕೊಡಲು ಕಾಲೇಜಿನ ಉಪನ್ಯಾಸಕರಿಗಿಂತ ಹಾರ್ಮೋನಿಯಂ ಮೇಷ್ಟ್ರು, ಊರಿಗೆಲ್ಲ ರಂಗೋಲಿ ಕಲಿಸಿದ ಅಕ್ಕಂದಿರು ಹೆಚ್ಚು ಯೋಗ್ಯರು.

ಒಂದು ವಿಭಾಗವನ್ನಾದರೂ ಜೋಡಿ ಸ್ಪರ್ಧೆಯಾಗಿ ಇಡಬೇಕು. ಚುಕ್ಕಿ ಇಡುವುದು ಅಜ್ಜಿ, ಎಳೆ ಎಳೆಯುವುದು ಮೊಮ್ಮಗಳು. ಪದ್ಯದ ಮೊದಲ ಸಾಲು ತಾತನದು, ಎರಡನೆಯದು ಮೊಮ್ಮಗನದು. ಅಂಕ ಇಬ್ಬರಿಗೂ ಸಮಪಾಲು. ಬಹುಮಾನದಾಸೆಗಾದರೂ ಮಗು ಒಂದು ತಿಂಗಳು ಅಜ್ಜಿಯ ಪಕ್ಕ ಕುಳಿತು ಕಲಿಯುತ್ತದೆ. ಸ್ಪರ್ಧೆಯಿಂದ ಆಗಬೇಕಾದ ನಿಜವಾದ ಕೆಲಸ ಅದು.

ಕೊನೆಯದಾಗಿ, ದಾಖಲೆ. ಎಚ್.ಎಲ್. ನಾಗೇಗೌಡರು ಆಡಳಿತ ಸೇವೆಯಲ್ಲಿದ್ದಾಗಲೇ ಜನಪದದ ಬೆನ್ನುಹತ್ತಿ, ಮುಂದೆ, 1979ರಲ್ಲಿ ಕರ್ನಾಟಕ ಜಾನಪದ ಪರಿಷತ್ತನ್ನೂ ಆಮೇಲೆ ರಾಮನಗರದ ಬಳಿ ಜಾನಪದ ಲೋಕವನ್ನೂ ಕಟ್ಟಿದರು. ಅವರ ಕಾಲದಲ್ಲಿ ಧ್ವನಿಮುದ್ರಣಕ್ಕೆ ಭಾರದ ಯಂತ್ರ ಹೊತ್ತು ಹಳ್ಳಿ ಸುತ್ತಬೇಕಿತ್ತು. ಈಗ ಆ ಯಂತ್ರ ಎಲ್ಲರ ಜೇಬಿನಲ್ಲಿದೆ. ಸ್ಪರ್ಧೆಗೆ ಬಂದ ಪ್ರತಿಯೊಬ್ಬರ ಹಾಡನ್ನೂ ಅವರ ಒಪ್ಪಿಗೆ ಪಡೆದು ಪೂರ್ತಿ ಮುದ್ರಿಸಬೇಕು. ಹೆಸರು, ಊರು, ಯಾರಿಂದ ಕಲಿತರು ಎಂಬುದನ್ನು ಬರೆದುಕೊಳ್ಳಬೇಕು. ಶಾಲೆಯ ಕಂಪ್ಯೂಟರಿನಲ್ಲಿ ಒಂದು ಪ್ರತಿ, ಗ್ರಂಥಾಲಯದಲ್ಲಿ ಒಂದು ಪ್ರತಿ ಇರಬೇಕು. ಗೆದ್ದವರು ಮೂವರೇ ಇರಬಹುದು, ಮುದ್ರಣ ಮಾತ್ರ ಎಲ್ಲರದೂ ಆಗಬೇಕು. ಮೋಸೆಸ್ ಅಜ್ಜಿಯ ಜಾಮಿಗೆ ಬಹುಮಾನ ಕೊಟ್ಟ ತೀರ್ಪುಗಾರರು ನಮ್ಮಲ್ಲೂ ಇರಬಹುದಲ್ಲ!

ಇದಕ್ಕೆಲ್ಲ ದೊಡ್ಡ ದುಡ್ಡು ಬೇಡ. ಶಾಲೆಯ ಬಯಲು, ಗುಡಿಯ ಮಂಟಪ, ಹತ್ತಿಪ್ಪತ್ತು ಜನ ಹುಡುಗರು, ಒಂದು ಮೈಕು ಸಾಕು. ಕನ್ನಡ ಸಂಘಗಳು, ಮಹಿಳಾ ಸ್ವಸಹಾಯ ಗುಂಪುಗಳು, ಹಳೆ ವಿದ್ಯಾರ್ಥಿಗಳ ಬಳಗಗಳು ಮನಸ್ಸು ಮಾಡಿದರೆ ಬರುವ ಅಕ್ಟೋಬರ್ 1ಕ್ಕೇ ಶುರುಮಾಡಬಹುದು. ನಡೆಸುವವರು ಜಿಲ್ಲೆಯ ಪ್ರಶಸ್ತಿಗೆ ಅರ್ಜಿ ಹಾಕುವ ಬಗೆಯನ್ನೂ ತಿಳಿದುಕೊಂಡು, 65 ದಾಟಿದ ಕಲಾವಿದರ ಪರವಾಗಿ ತಾವೇ ತುಂಬಿಕೊಡಲಿ. ಅರ್ಜಿ ಬರೆಯಲು ಬಾರದೆಂಬ ಒಂದೇ ಕಾರಣಕ್ಕೆ ಕಲೈ ಮುದುಮಣಿ ಯಾರ ಕೈತಪ್ಪಬಾರದು. ಅಲ್ಲಿಯವರೆಗೆ ಓದುಗರು ಮಾಡಬಹುದಾದ ಕೆಲಸವೊಂದಿದೆ. ಈ ಭಾನುವಾರ ನಿಮ್ಮ ಮನೆಯ ಹಿರಿಯರ ಎದುರು ಕೂತು, ಅವರಿಗೆ ಬರುವ ಒಂದು ಹಾಡನ್ನೋ ಪದ್ಯವನ್ನೋ ಕೊನೆಯವರೆಗೂ ಹೇಳಿಸಿ, ಫೋನಿನಲ್ಲಿ ಮುದ್ರಿಸಿಕೊಳ್ಳಿ.